ಚೀಟಿ ಯಾರ ಹೆಸರಲ್ಲಿತ್ತು?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸ್ಕಾಟ್ಲೆಂಡಿನ ಡಾರ್ಟ್ಸ್ ಆಟಗಾರ ಜಾಕಿ ವಿಲ್ಸನ್ ಬಗ್ಗೆ ಬಂದ ಲೇಖನ ಓದಿದೆ. ಅರ್ಧ ಪುಟ ಕೊಟ್ಟಿದ್ದೀರಿ, ಸಂತೋಷ. ಗೋಡೆಯ ಬೋರ್ಡಿಗೆ ಮುಳ್ಳಿನಂಥ ಸಣ್ಣ ಬಾಣ ಎಸೆಯುವ ಈ ಆಟದ ಬಗ್ಗೆ ಕನ್ನಡ ಪೇಪರಿನಲ್ಲಿ ಇಷ್ಟುದ್ದ ಓದಲು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಆದರೆ ಆ ಅರ್ಧ ಪುಟದಲ್ಲಿ ಮುಕ್ಕಾಲು ಪಾಲು ಅವನ ಹೊಟ್ಟೆ, ಅವನ ಬೊಚ್ಚು ಬಾಯಿ, ಅವನು ಅಮಲಿನಲ್ಲಿ ವೇದಿಕೆಯಿಂದ ಬಿದ್ದದ್ದು, ಇದೇ ಇತ್ತು. ಕೊನೆಯಲ್ಲಿ ಕುಡಿದು ಹಾಳಾದ ಅಂತ ಒಂದು ಸಾಲು ಬರೆದು ಮುಗಿಸಿದ್ದೀರಿ. ಆ ಸಾಲಿನ ಬಗ್ಗೆ ನನಗೆ ತಕರಾರಿದೆ. ಪತ್ರ ಉದ್ದವಾಗುತ್ತೆ, ಕತ್ತರಿಸುವುದಾದರೆ ದಯವಿಟ್ಟು ಮಧ್ಯದಲ್ಲಿ ಬರುವ, ತೋಟದ ಲೆಕ್ಕ ಬರೆಯುತ್ತಿದ್ದ ರೈಟ್ರ ವಿಷಯ ಮಾತ್ರ ಕತ್ತರಿಸಬೇಡಿ.

ನಾನು ಯಾರು ಅಂತ ಹೇಳಬೇಕಲ್ವಾ. ಘಟ್ಟದ ಮೇಲೆ, ಕಾಫಿ ತೋಟಗಳ ನಡುವೆ ಇರುವ ಒಂದು ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದವನು. ಹಗಲು ಬಿಲಿಯರ್ಡ್ಸ್ ಟೇಬಲ್ ನೋಡಿಕೊಳ್ಳುವುದು, ಸಂಜೆಯಾದ ಮೇಲೆ ಬಾರ್ ಕೌಂಟರ್ ಹಿಂದೆ ನಿಲ್ಲುವುದು. ಬ್ರಿಟಿಷರ ಕಾಲದ ಕ್ಲಬ್ಬು. ಅವರು ಬಿಟ್ಟುಹೋದ ಸಾಮಾನುಗಳಲ್ಲಿ ಡಾರ್ಟ್ಸ್ ಬೋರ್ಡೂ ಒಂದು. ಹಳೆಯದು ಸವೆದರೆ ಸದಸ್ಯರಲ್ಲಿ ಯಾರಾದರೂ ಬೆಂಗಳೂರಿಂದ ಹೊಸದು ತರುತ್ತಿದ್ದರು. ಅದನ್ನು ನೋಡಿಕೊಳ್ಳುವ ಕೆಲಸವೂ ನನ್ನದೇ.

ದೂರದಿಂದ ನೋಡಿದವರು ಅದನ್ನು ಕಾರ್ಕು ಅಂತಾರೆ. ಕಾರ್ಕಲ್ಲ, ಕತ್ತಾಳೆ ಜಾತಿಯ ನಾರು. ನಾರಿನ ತುದಿಗಳು ಮುಂದಕ್ಕೆ ಬರುವ ಹಾಗೆ ಒತ್ತೊತ್ತಾಗಿ ಬಿಗಿದಿರುತ್ತಾರೆ. ಮುಳ್ಳು ಚುಚ್ಚಿದರೆ ನಾರು ಆಚೀಚೆ ಸರಿದು ಜಾಗ ಬಿಡುತ್ತೆ, ಕಿತ್ತರೆ ಮತ್ತೆ ಕೂಡಿಕೊಳ್ಳುತ್ತೆ. ನಮ್ಮ ಕಡೆಯ ಮಳೆಗಾಲ ಅದಕ್ಕೆ ಆಗಿಬರುವುದಿಲ್ಲ. ಜೂನಿನಲ್ಲಿ ಹಿಡಿದ ಮಳೆ ಬಿಡದಿದ್ದರೆ ಬೋರ್ಡು ಶೀತ ಕುಡಿದು ನಡುವೆ ಉಬ್ಬುತ್ತಿತ್ತು. ಬಾರ್ ಮುಚ್ಚಿದ ಮೇಲೆ ಇಳಿಸಿ ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಒರಗಿಸಿ ಮಲಗುತ್ತಿದ್ದೆ. ಇನ್ನೊಂದು ಕೆಲಸವಿತ್ತು. ಬೋರ್ಡಿನಲ್ಲಿ 1ರಿಂದ 20ರವರೆಗೆ ಅಂಕಿಯ ಮನೆಗಳು, ಒಂದು ಕಪ್ಪು ಒಂದು ಬಿಳಿ. ಆಡುವವರೆಲ್ಲ 20ಕ್ಕೇ ಎಸೆಯುವುದರಿಂದ ಆ ಮನೆ ಮಾತ್ರ ಬೇಗ ಸವೆಯುತ್ತೆ. ಅಂಕಿಗಳಿರುವ ತಂತಿಯ ಬಳೆ ಬಿಚ್ಚಬೇಕು, ಬೋರ್ಡನ್ನು ಎರಡು ಮನೆ ತಿರುಗಿಸಬೇಕು, ಬಳೆ ಮತ್ತೆ ಹಾಕಬೇಕು. ಒಂದೇ ಮನೆ ತಿರುಗಿಸಿದರೆ 20ರ ಕೆಳಗೆ ಬಿಳಿ ಬಂದುಬಿಡುತ್ತೆ. ಅಲ್ಲಿ ಕಪ್ಪೇ ಇರಬೇಕು. ನಿಮ್ಮ ಲೇಖನದ ಜೊತೆ ಹಾಕಿದ ಚಿತ್ರದಲ್ಲಿ ಬಿಳಿ ಇತ್ತು. ಇರಲಿ, ಅದು ದೊಡ್ಡ ವಿಷಯವಲ್ಲ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳುತ್ತೇನೆ. ಬೋರ್ಡಿನ ನಡುಗಣ್ಣು ನೆಲದಿಂದ 5 ಅಡಿ 8 ಇಂಚು ಎತ್ತರ. ಎಸೆಯುವವನು ನಿಲ್ಲುವ ಗೆರೆ 7 ಅಡಿ 9 ಇಂಚಿನಿಂದ ಕೂದಲೆಳೆ ಆಚೆ. ಇಬ್ಬರೂ 501ರಿಂದ ಕಳೆಯುತ್ತಾ ಬರಬೇಕು. ಸರದಿಗೆ ಮೂರು ಡಾರ್ಟು. ಹೊರಗಿನ ಸಣ್ಣ ಪಟ್ಟಿಗೆ ಬಿದ್ದರೆ ಮನೆಯ ಅಂಕಿಯ ಎರಡರಷ್ಟು, ಒಳಗಿನ ಸಣ್ಣ ಪಟ್ಟಿಗೆ ಬಿದ್ದರೆ ಮೂರರಷ್ಟು. ಕೊನೆಯದು ಹೊರಗಿನ ಸಣ್ಣ ಪಟ್ಟಿಗೆ, ಅಂದರೆ ಡಬಲ್‌ಗೆ ಬಿದ್ದು ಸರಿಯಾಗಿ ಸೊನ್ನೆಗೆ ಬಂದರೆ ಮಾತ್ರ ಗೆಲುವು. ಈ ಬೋರ್ಡು ಮಾಡಿದವರು ಕಿಲಾಡಿಗಳು. 20ರ ಎಡಕ್ಕೆ 5 ಇಟ್ಟಿದ್ದಾರೆ, ಬಲಕ್ಕೆ 1 ಇಟ್ಟಿದ್ದಾರೆ. ಬೆರಳು ಅಷ್ಟು ಅಲುಗಿದರೆ ಸಾಕು, 60 ಬರಬೇಕಾದ ಕಡೆ 1 ಬರುತ್ತೆ. ಇಲ್ಲಿ ಓಟವಿಲ್ಲ, ಜಿಗಿತವಿಲ್ಲ, ಎದುರಾಳಿ ಮೈ ಮುಟ್ಟುವುದಿಲ್ಲ. ಇಡೀ ಆಟ ಇರುವುದು ಕೈ ನಡುಗದೆ ನಿಲ್ಲುವುದರಲ್ಲಿ.

ಕುಡಿತ ಒಳಗೆ ಬರುವುದು ಇಲ್ಲೇ. ಕೌಂಟರ್ ಹಿಂದೆ ನಿಂತವನಿಗೆ ಇದು ಚೆನ್ನಾಗಿ ಕಾಣುತ್ತೆ. ಹತ್ತು ಜನ ನೋಡುತ್ತಿದ್ದಾರೆ, ದುಡ್ಡು ಕಟ್ಟಿದ್ದಾರೆ ಅಂದಾಗ ಎಂಥವನ ಕೈಯೂ ಸ್ವಲ್ಪ ಅದುರುತ್ತೆ. ಒಂದು ಪೆಗ್ ಒಳಗೆ ಹೋದರೆ ಅದುರು ನಿಲ್ಲುತ್ತೆ. ನಿಜವಾಗಿ ನಿಲ್ಲುತ್ತೆ, ಅದೇ ಕಷ್ಟ. ಮುಂದಿನ ವಾರ ಅದೇ ಕೈ ನಿಲ್ಲಲು ಒಂದೂವರೆ ಬೇಕು. ವರ್ಷ ಕಳೆದರೆ ಬೆಳಗ್ಗೆ ಹಲ್ಲುಜ್ಜುವಾಗಲೂ ಕೈ ಅದುರುತ್ತೆ, ಆಟವಿರಲಿ ಇಲ್ಲದಿರಲಿ. ಆಗ ಕುಡಿಯುವುದು ಗೆಲ್ಲಲಿಕ್ಕಲ್ಲ, ಸುಮ್ನೆ ಸರಿಯಾಗಿರಲಿಕ್ಕೆ.

ಈಗ ಜಾಕಿ ವಿಷಯಕ್ಕೆ ಬರುತ್ತೇನೆ. ಕ್ಲಬ್ಬಿನ ಓದುವ ಕೋಣೆಗೆ ಇಂಗ್ಲಿಷ್ ಪತ್ರಿಕೆಗಳು ತಡವಾಗಿಯಾದರೂ ಬರುತ್ತಿದ್ದವು. ಸದಸ್ಯರೊಬ್ಬರು ಇಂಗ್ಲೆಂಡಿಗೆ ಹೋಗಿ ಬಂದಾಗ ವಿಡಿಯೊ ಕ್ಯಾಸೆಟ್ ತಂದಿದ್ದರು. ಅದರಲ್ಲಿ ಅವನನ್ನು ಮೊದಲು ನೋಡಿದೆ. ಕುಳ್ಳ, ದಪ್ಪ, ಎಸೆಯುವಾಗ ಮೈಯನ್ನೆಲ್ಲ ಮುಂದಕ್ಕೆ ತಳ್ಳುವ ಮನುಷ್ಯ. ಪುಸ್ತಕದಲ್ಲಿ ಹೇಗೆ ಎಸೆಯಬಾರದು ಅಂತ ಬರೆದಿರುತ್ತಾರೋ ಹಾಗೇ ಎಸೆಯುತ್ತಿದ್ದ, ಅದು ಹೋಗಿ 20ರ ಒಳಪಟ್ಟಿಗೇ ಕೂರುತ್ತಿತ್ತು. ಈಗ ಮೊಮ್ಮಗ ಯೂಟ್ಯೂಬಿನಲ್ಲಿ ಹಾಕಿ ಕೊಡುತ್ತಾನೆ, ಎಷ್ಟು ಸಲ ನೋಡಿದರೂ ಬೇಜಾರಾಗುವುದಿಲ್ಲ.

ಹುಟ್ಟಿದ್ದು 1950ರಲ್ಲಿ, ಸ್ಕಾಟ್ಲೆಂಡಿನ ಕಿರ್ಕಾಲ್ಡಿ ಊರಿನಲ್ಲಿ. ಅಪ್ಪ ಅಮ್ಮ ಸಾಕಲಾರರು ಅಂತ ಸರ್ಕಾರದವರೇ ತೀರ್ಮಾನಿಸಿ, ಬಾಲ್ಯದ ಹೆಚ್ಚಿನ ಭಾಗ ಅನಾಥಾಲಯದಲ್ಲಿ ಕಳೆಯಿತು. ಸ್ವಲ್ಪ ಕಾಲ ಸೈನ್ಯದಲ್ಲಿದ್ದ, ಆಮೇಲೆ ಕಲ್ಲಿದ್ದಲು ಹೊತ್ತ, ಮೀನು ಶುಚಿ ಮಾಡುವ ಕೆಲಸ ಮಾಡಿದ, ಗಣಿಗೂ ಇಳಿದ. 1979ರಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ಒಂದು ರಜಾ ಶಿಬಿರದ ಡಾರ್ಟ್ಸ್ ಪಂದ್ಯಕ್ಕೆ ಹೆಸರು ಕೊಟ್ಟ. 500 ಪೌಂಡ್ ಬಹುಮಾನ ಬಂತು. ಅದೇ ಕಸುಬಾಯಿತು. ಮೂರೇ ವರ್ಷದಲ್ಲಿ, 1982ರಲ್ಲಿ, ಜಾನ್ ಲೋ ಅವರನ್ನು 5-3ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದ. ಗೆದ್ದ ದುಡ್ಡಿನಲ್ಲಿ ಹಲ್ಲಿನ ಸೆಟ್ ಮಾಡಿಸಿಕೊಂಡ. ಇಪ್ಪತ್ತೆಂಟು ತುಂಬುವ ಹೊತ್ತಿಗೇ ಅವನ ಬಾಯಲ್ಲಿ ಹಲ್ಲಿರಲಿಲ್ಲ. ನಿಮ್ಮ ಲೇಖಕರಿಗೆ ಈ ಹಲ್ಲಿನ ಕತೆ ನಗುವಿನ ಸರಕಾಗಿ ಕಂಡಿದೆ. ಅನಾಥಾಲಯದಲ್ಲಿ ಬೆಳೆದ ಹುಡುಗನಿಗೆ ಹಲ್ಲು ನೋಡಿಕೊಳ್ಳುವುದನ್ನು ಯಾರು ಹೇಳಿಕೊಡಬೇಕಿತ್ತು ಅಂತ ನನಗೆ ಅನಿಸಿತು.

ಅವನು ಗೆದ್ದ ಆ ವಿಶ್ವ ಚಾಂಪಿಯನ್‌ಶಿಪ್ಪಿಗೆ ಆಗ ಹಣ ಹಾಕುತ್ತಿದ್ದದ್ದು ಒಂದು ಸಿಗರೇಟ್ ಬ್ರಾಂಡು. ಎಂಬಸಿ ಅಂತ ಅದರ ಹೆಸರು. 1978ರಲ್ಲಿ ಶುರುವಾದ ಆ ಪ್ರಾಯೋಜಕತ್ವ 2003ರವರೆಗೂ ನಡೆಯಿತು. ಇನ್ನು ಕೆಲವು ಪಂದ್ಯಗಳಿಗೆ ಬಿಯರ್ ಕಂಪನಿಗಳು. ಆಟಗಾರರು ವೇದಿಕೆ ಮೇಲೇ ಗ್ಲಾಸು ಇಟ್ಟುಕೊಂಡು, ಬೆರಳ ಸಂದಿಯಲ್ಲಿ ಸಿಗರೇಟ್ ಹಿಡಿದು ಆಡುತ್ತಿದ್ದರು, ಟಿವಿ ಅದನ್ನು ಲಕ್ಷಾಂತರ ಮನೆಗಳಿಗೆ ತೋರಿಸುತ್ತಿತ್ತು. ಬಿಬಿಸಿಯ ಒಂದು ನಗೆ ಕಾರ್ಯಕ್ರಮದಲ್ಲಿ ಡೊಳ್ಳುಹೊಟ್ಟೆಯ ಇಬ್ಬರು ಡಾರ್ಟ್ಸ್ ಆಟಗಾರರು ಡಾರ್ಟನ್ನೇ ಎಸೆಯದೆ ಗ್ಲಾಸು ಖಾಲಿ ಮಾಡಿದ್ದಕ್ಕೇ ಅಂಕ ಪಡೆಯುವ ಪ್ರಹಸನ ಬಂದಿತ್ತು. ಜನ ಹೊಟ್ಟೆ ಹಿಡಿದು ನಕ್ಕರು. ಅಂದರೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ನಡೆಯುತ್ತಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅದೇ ಟಿವಿಯವರಿಗೆ ಈ ಆಟ ಮುಜುಗರವಾಯಿತು. ಪಂದ್ಯಗಳನ್ನು ಒಂದೊಂದಾಗಿ ಕೈಬಿಟ್ಟರು. ವೇದಿಕೆ ಮೇಲೆ ಕುಡಿಯುವುದು, ಸೇದುವುದು ನಿಂತಿತು. ಒಳ್ಳೆಯದೇ ಆಯಿತು, ಇಲ್ಲ ಅನ್ನಲ್ಲ. ಆದರೆ ಹತ್ತು ವರ್ಷ ಆ ಗ್ಲಾಸಿನ ಬಲದ ಮೇಲೇ ನಿಂತ ಕೈಗಳಿಗೆ ಚಿಕಿತ್ಸೆ ಕೊಡಿಸಬೇಕು ಅಂತ ಯಾರೂ ಯೋಚಿಸಿದ ಹಾಗಿಲ್ಲ.

ಆ ಗಲಾಟೆಯ ನಡುವೆಯೇ 1989ರಲ್ಲಿ ಜಾಕಿ ಎರಡನೇ ಸಲ ಗೆದ್ದ. ಎದುರಿಗೆ ಎರಿಕ್ ಬ್ರಿಸ್ಟೋ, ಐದು ಸಲದ ಚಾಂಪಿಯನ್. ಜಾಕಿ 5-0 ಮುಂದೆ ಹೋದ, ಬ್ರಿಸ್ಟೋ ಒಂದೊಂದೇ ಸೆಟ್ ಹಿಡಿದು 5-4ಕ್ಕೆ ತಂದ, ಕೊನೆಗೆ ಜಾಕಿ 6-4. ಆ ಪಂದ್ಯದ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಏಳುಬೀಳು ಅಂತ ಶೀರ್ಷಿಕೆ ಕೊಟ್ಟು ಬೀಳನ್ನೇ ಬರೆದರೆ ಹೇಗೆ?

ಆಮೇಲಿನದು ಬೇಗ ಹೇಳಬಹುದು. 1993ರಲ್ಲಿ ಆಟದ ಹಳೆಯ ಸಂಘ ಬಿಟ್ಟು ಬೇರೆಯಾದ ಹದಿನಾರು ಜನರಲ್ಲಿ ಅವನೂ ಒಬ್ಬ. ಸಕ್ಕರೆ ಕಾಯಿಲೆ ಬಂತು. 1995ರ ಡಿಸೆಂಬರಿನಲ್ಲಿ ಇದ್ದಕ್ಕಿದ್ದ ಹಾಗೆ ಆಟ ಬಿಟ್ಟ. ಹುಟ್ಟೂರಿಗೆ ಹೋಗಿ ಒಂದು ಸಣ್ಣ ಮನೆಯಲ್ಲಿ, ಸರ್ಕಾರ ಕೊಡುವ ಭತ್ಯೆಯಲ್ಲಿ ಬದುಕಿದ. ಯಾರನ್ನೂ ಮನೆಗೆ ಸೇರಿಸುತ್ತಿರಲಿಲ್ಲ. 1998ರಲ್ಲಿ ದಿವಾಳಿ. 2012ರ ಮಾರ್ಚ್ 24ರಂದು, 62 ತುಂಬಿ ಎರಡು ದಿನಕ್ಕೆ, ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ. ಸಿಗರೇಟ್ ಹೆಸರಿನ ಕಪ್ಪನ್ನು ಎರಡು ಸಲ ಎತ್ತಿದವನು ಹೋದದ್ದು ಪುಪ್ಪುಸದ ಕಾಯಿಲೆಯಲ್ಲಿ. ಲೇಖನದಲ್ಲಿ ಅವನ ಕುಡಿತಕ್ಕೆ ಇಡೀ ಪ್ಯಾರಾ ಇದೆ, ಈ ಪ್ರಾಯೋಜಕರ ಹೆಸರೇ ಇಲ್ಲ.

ಎಲ್ಲವನ್ನೂ ಕುಡಿತದ ತಲೆಗೆ ಕಟ್ಟುವವರು ಬ್ರಿಸ್ಟೋವನ್ನೂ ನೋಡಬೇಕು. ಎಂಬತ್ತರ ದಶಕದ ನಡುವೆ, ಮೇಲಿಂದ ಮೇಲೆ ಮೂರು ವರ್ಷ ಚಾಂಪಿಯನ್ ಆದ ಮೇಲೆ, ಅವನ ಬೆರಳು ಡಾರ್ಟನ್ನು ಬಿಡುವುದೇ ಇಲ್ಲ ಅಂತು. ಕೈ ಹಿಂದಕ್ಕೆ ಹೋಗುತ್ತೆ, ಮುಂದಕ್ಕೆ ಬರುತ್ತೆ, ಬೆರಳು ಬಿಚ್ಚಿಕೊಳ್ಳುವುದಿಲ್ಲ. ಈ ಕಾಯಿಲೆಗೆ ಆ ಆಟದಲ್ಲಿ ಡಾರ್ಟೈಟಿಸ್ ಅಂತಾರೆ. ಅದು ಬಾಟಲಿಯಿಂದ ಬರುವುದಲ್ಲ, ತಲೆಯೊಳಗಿನದು. ಆ ಕಷ್ಟದ ದಿನಗಳಲ್ಲೇ ಅವನು ಫಿಲ್ ಟೇಲರ್ ಎಂಬ ಕಾರ್ಖಾನೆ ಕೆಲಸಗಾರನಿಗೆ 10,000 ಪೌಂಡ್‌ನಷ್ಟು ಸಾಲ ಕೊಟ್ಟು ಆಟಕ್ಕೆ ಹಚ್ಚಿದ. 1990ರ ಫೈನಲ್‌ನಲ್ಲಿ ಅದೇ ಟೇಲರ್ ಅವನನ್ನು 6-1ರಿಂದ ಸೋಲಿಸಿದ. ಒಟ್ಟು ಹದಿನಾರು ಸಲ ವಿಶ್ವ ಚಾಂಪಿಯನ್ ಆದದ್ದು ಆ ಟೇಲರೇ. ಸಾಲ ಕೊಟ್ಟವನನ್ನೇ ಸೋಲಿಸಿದ ಅಂತ ಬೇಸರ ಮಾಡಿಕೊಳ್ಳುವ ಆಟವಲ್ಲ ಅದು.

ಇನ್ನು ನಮ್ಮ ರೈಟ್ರ ವಿಷಯ. ತೋಟದ ಕಡೆಯವರಿಗೆ ಹೇಳಬೇಕಾಗಿಲ್ಲ, ಎಸ್ಟೇಟಿನಲ್ಲಿ ಹಾಜರಿ, ಸಂಬಳ, ಲೆಕ್ಕ ಬರೆಯುವವರು ರೈಟ್ರು. ಹತ್ತಿರದ ಒಂದು ತೋಟಕ್ಕೆ ಹೊಸನಗರದ ಕಡೆಯಿಂದ ಒಬ್ಬರು ಬಂದರು. ಸಣ್ಣ ವಯಸ್ಸು, ಒಂದೆರಡು ವರ್ಷದ ಹಿಂದೆ ಮದುವೆಯಾದವರು. ಒಂದು ಶನಿವಾರ ಸಾಹುಕಾರ್ರ ಸಹಿಗೆ ಕಾಗದ ಹಿಡಿದುಕೊಂಡು ಕ್ಲಬ್ಬಿಗೆ ಬಂದವರು, ಕಾಯುತ್ತಾ ನಿಂತಿದ್ದಾಗ ಯಾರೋ ತಮಾಷೆಗೆ ಡಾರ್ಟ್ ಕೈಗೆ ಕೊಟ್ಟರು. ಮೊದಲ ಮೂರು ಎಸೆತ ಗೋಡೆಗೆ, ಬೋರ್ಡಿಗೆ, ಬೋರ್ಡಿಗೆ. ಆಮೇಲಿನ ಮೂರೂ 20ರ ಮನೆಯೊಳಗೆ. ನಾನು ಸೀಮೆಸುಣ್ಣ ಹಿಡಿದು ಲೆಕ್ಕ ಬರೆಯುತ್ತಿದ್ದವನು ತಿರುಗಿ ನೋಡಿದೆ. ಭುಜ ಅಲುಗಿರಲಿಲ್ಲ. ಮೊಣಕೈಯಿಂದ ಕೆಳಗೆ ಮಾತ್ರ ಚಲನೆ. ಹೇಳಿಕೊಟ್ಟರೂ ಬರದ ಕೈ ಅದು. ಲೆಕ್ಕವೂ ಅಷ್ಟೇ ಚುರುಕು. 501ರಿಂದ ಕಳೆಯುವುದು ನನಗಿಂತ ಮೊದಲೇ ಅವರ ಬಾಯಲ್ಲಿ ಬರುತ್ತಿತ್ತು.

ಅಲ್ಲಿಂದ ಪ್ರತಿ ಶನಿವಾರ ಕರೆ ಬರತೊಡಗಿತು. ‘ರೈಟ್ರನ್ನ ಕರೀರಿ, ಬಾಜಿ ಕಟ್ಟೋಣ.’ ಬೇರೆ ಕ್ಲಬ್ಬಿನಿಂದ ಅತಿಥಿಗಳು ಬಂದರೆ ಜೀಪು ಕಳಿಸಿ ಕರೆಸುತ್ತಿದ್ದರು. ಅವರು ಗೆದ್ದರೆ ದುಡ್ಡು ಬಾಜಿ ಕಟ್ಟಿದವರಿಗೆ. ರೈಟ್ರಿಗೆ ಒಂದು ಪೆಗ್ಗು, ಬೆನ್ನಿಗೊಂದು ತಟ್ಟು. ಅವರು ಸದಸ್ಯರಲ್ಲ, ಹಾಗಾಗಿ ಬಾರಿನ ಸ್ಟೂಲಿನಲ್ಲಿ ಕೂರುವಂತಿರಲಿಲ್ಲ. ಬೋರ್ಡಿನ ಪಕ್ಕ ನಿಂತೇ ಕುಡಿಯುತ್ತಿದ್ದರು. ಶುರುವಿನಲ್ಲಿ ಬೇಡ ಅನ್ನುತ್ತಿದ್ದರು. ನಿಮ್ಮ ಸಾಹುಕಾರ್ರೇ ಗ್ಲಾಸು ಹಿಡಿದು ‘ತಗೊಳ್ಳಿ ರೈಟ್ರೇ, ಕೈ ನಿಲ್ಲುತ್ತೆ’ ಅಂದರೆ ಎಷ್ಟು ಸಲ ಬೇಡ ಅನ್ನುತ್ತೀರಿ?

ಕ್ಲಬ್ಬಿನಲ್ಲಿ ಕೈಗೆ ಕಾಸು ಕೊಡುವ ಪದ್ಧತಿಯಿಲ್ಲ. ಏನು ತಗೊಂಡರೂ ಚೀಟಿ ಬರೆದು ಸಹಿ ಮಾಡಬೇಕು, ತಿಂಗಳ ಕೊನೆಗೆ ಬಿಲ್ಲು. ಚೀಟಿ ಬರೆಯುವವನು ನಾನು. ಗುಲಾಬಿ ಬಣ್ಣದ ಪುಸ್ತಕ, ಕೆಳಗೆ ಕಾರ್ಬನ್ನು. ರೈಟ್ರು ಆ ಬೋರ್ಡಿನ ಪಕ್ಕ ನಿಂತು ಕುಡಿದದ್ದೆಲ್ಲ ಆ ಪುಸ್ತಕಗಳಲ್ಲಿದೆ, ಅವರ ಹೆಸರಿನಲ್ಲಿ ಒಂದೇ ಒಂದು ಚೀಟಿಯಿಲ್ಲ. ಎಲ್ಲದಕ್ಕೂ ಬೇರೆ ಬೇರೆ ದೊಡ್ಡವರ ಸಹಿ.

ಕೆಲವು ವರ್ಷಕ್ಕೆ ಕೈ ಅದುರಲು ಶುರುವಾಯಿತು. ಡಬಲ್ 16 ಅವರಿಗೆ ಬಹಳ ಇಷ್ಟ. ತಪ್ಪಿ ಒಳಗೆ ಬಿದ್ದರೆ 16 ಕಳೆದು ಡಬಲ್ 8 ಉಳಿಯುತ್ತೆ, ಮತ್ತೆ ತಪ್ಪಿದರೆ ಡಬಲ್ 4, ದಾರಿ ಕೆಡುವುದಿಲ್ಲ ಅಂತ ಹೇಳುತ್ತಿದ್ದರು. ಕೊನೆಕೊನೆಗೆ ಒಳಗೂ ಬೀಳದೆ ತಂತಿಗೆ ಬಡಿದು ಡಾರ್ಟು ನೆಲಕ್ಕೆ ಬೀಳುತ್ತಿತ್ತು. ಬಾಜಿ ಕಟ್ಟುವವರು ಕಡಿಮೆಯಾದರು. ಕ್ಲಬ್ಬಿಗೆ ದೊಡ್ಡ ಟಿವಿ ಬಂತು, ಶನಿವಾರಕ್ಕೆ ಕ್ರಿಕೆಟ್ಟು ಸಾಕಾಯಿತು. ಒಂದು ದಿನ ರೈಟ್ರು ತಾವಾಗಿಯೇ ಬಂದು ವರಾಂಡದಲ್ಲಿ ನಿಂತಿದ್ದರು. ಯಾಕೆ ಬಂದಿದ್ದಾರೆ ಅಂತ ಕೇಳಿ ಕಳಿಸಿದರು, ಒಳಗೆ ಕರೆಯಲಿಲ್ಲ. ಆ ವರ್ಷದ ಕೊಯ್ಲಿನಲ್ಲಿ ಹಾಜರಿ ಪುಸ್ತಕದಲ್ಲಿ ತಪ್ಪಾಯಿತು ಅಂತ ತೋಟದಿಂದ ಬಿಡಿಸಿದರು. ರೈಟ್ರು ಹೆಂಡತಿಯ ಊರಿಗೆ ಹೋದರು, ಅಲ್ಲೇ ತೀರಿಕೊಂಡರು. ಸುದ್ದಿ ಕ್ಲಬ್ಬಿಗೆ ಬಂದಾಗ ಕೌಂಟರಿನ ಆ ಕಡೆಯಿಂದ ಕೇಳಿದ ಮಾತು: ‘ಪಾಪ, ಒಳ್ಳೇ ಕೈ. ಕುಡಿದು ಹಾಳಾದ.’ ಹೇಳಿದವರ ಸಹಿ ನನ್ನ ಪುಸ್ತಕದಲ್ಲಿ ಎಲ್ಲರಿಗಿಂತ ಜಾಸ್ತಿ ಇತ್ತು.

ನಿಮ್ಮ ಲೇಖನದ ಕೊನೆಯ ಸಾಲು ಓದಿದಾಗ ಅದೇ ದನಿ ಕೇಳಿತು. ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಈಗ ಆ ಆಟ ಬದಲಾಗಿದೆ. ಲ್ಯೂಕ್ ಲಿಟ್ಲರ್ ಎಂಬ ಹುಡುಗ 2024ರಲ್ಲಿ ಹದಿನಾರನೇ ವಯಸ್ಸಿಗೇ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಆಡಿದ, 2025ರ ಜನವರಿಯಲ್ಲಿ ಹದಿನೇಳಕ್ಕೆ ಗೆದ್ದ. ಬಹುಮಾನ 5 ಲಕ್ಷ ಪೌಂಡ್. ಅವರ ದೇಶದ ಕಾನೂನಿನಂತೆ ಆಗ ಅವನಿಗೆ ಬಾರಿನಲ್ಲಿ ಒಂದು ಬಿಯರ್ ಕೊಳ್ಳುವ ವಯಸ್ಸೂ ಆಗಿರಲಿಲ್ಲ. ಕೈ ನಿಲ್ಲಲು ಗ್ಲಾಸು ಬೇಕೇ ಬೇಕು ಅನ್ನುತ್ತಿದ್ದವರಿಗೆ ಇದಕ್ಕಿಂತ ಉತ್ತರ ಬೇಕಾ? ನಮ್ಮ ಚೆನ್ನೈನ ನಿತಿನ್ ಕುಮಾರ್ ಕೂಡ ಲಂಡನ್ನಿನ ಅದೇ ಅಲೆಕ್ಸಾಂಡ್ರಾ ಪ್ಯಾಲೇಸ್ ವೇದಿಕೆಯಲ್ಲಿ ಆಡಿ ಬಂದಿದ್ದಾರೆ. ಅವರ ಬಗ್ಗೆ ಬರೆಯಿರಿ, ಓದುತ್ತೇವೆ. ಆದರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. 2004ರ ವಿಶ್ವ ಚಾಂಪಿಯನ್ ಆ್ಯಂಡಿ ಫೋರ್ಡಮ್ 2007ರಲ್ಲಿ ಪಂದ್ಯಕ್ಕೆ ಮೊದಲೇ ಅಸ್ವಸ್ಥನಾಗಿ ಹಿಂದೆ ಸರಿದ. ಕುಡಿತ ಬಿಟ್ಟ, ಮೈ ಇಳಿಸಿದ, ಆದರೂ 2021ರಲ್ಲಿ 59ಕ್ಕೇ ಹೋದ. ವೇದಿಕೆ ಮೇಲೆ ಈಗ ನೀರಿನ ಲೋಟ ಇರುತ್ತೆ, ಎದುರಿಗೆ ಕೂತ ಸಾವಿರಾರು ಜನರ ಮೇಜಿನ ಮೇಲೆ ಜಗ್ಗಿನಲ್ಲಿ ಬಿಯರ್ರೇ.

ಡಾರ್ಟ್ಸ್ ನಮ್ಮ ಜಿಲ್ಲೆಯಲ್ಲಿ ಯಾರಾಡುತ್ತಾರೆ ಅಂತ ಕೇಳಬಹುದು. ಸರಿ, ಕಬಡ್ಡಿ ತಗೊಳ್ಳಿ, ವಾಲಿಬಾಲ್ ತಗೊಳ್ಳಿ. ಗದ್ದೆ ಕೊಯ್ಲು ಮುಗಿದರೆ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಹೊನಲು ಬೆಳಕಿನ ಪಂದ್ಯಾವಳಿ ಶುರು. ಬ್ಯಾನರಿನ ಮೂಲೆಯಲ್ಲಿ ಶುಭ ಕೋರುವವರ ಸಾಲು ಓದಿ ನೋಡಿ, ವೈನ್ ಶಾಪಿನ ಹೆಸರು ಇರದ ಬ್ಯಾನರು ಸಿಕ್ಕರೆ ಹೇಳಿ. ರಾತ್ರಿ ಎರಡು ಗಂಟೆಗೆ ಫೈನಲ್ ಮುಗಿಯುತ್ತೆ. ಗೆದ್ದ ಹುಡುಗರಿಗೆ ಶೀಲ್ಡು, ಒಂದಿಷ್ಟು ನಗದು. ಆಮೇಲೆ ಅಭಿಮಾನಿಗಳು ಕಾರಿನ ಡಿಕ್ಕಿ ತೆಗೆದು ಕರೆಯುತ್ತಾರೆ. ಮೊಣಕಾಲು ಕಿತ್ತುಹೋದ ರೈಡರ್‌ಗೆ ‘ಒಂದು ಹಾಕು, ನೋವು ಗೊತ್ತಾಗಲ್ಲ’ ಅಂತಾರೆ. ಊಟಕ್ಕೆ ಏನು ಅಂತ ಯಾರೂ ಕೇಳಿರುವುದಿಲ್ಲ. ಹುಡುಗನಿಗೆ ಇಪ್ಪತ್ತೂ ಆಗಿರುವುದಿಲ್ಲ. ಆರೇಳು ವರ್ಷ ಬಿಟ್ಟು ಅವನು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಏನನ್ನುತ್ತೇವೆ ಅಂತ ನಾನು ಬರೆಯುವುದಿಲ್ಲ, ನಿಮಗೇ ಗೊತ್ತು.

ನನ್ನ ಕೇಳಿಕೆ ದೊಡ್ಡದಲ್ಲ. ಆಟಗಾರ ಬಿದ್ದ ಕತೆ ಹಾಕುವಾಗ ಅವನಿಗೆ ಕುಡಿಸಿದವರು ಯಾರು, ಪಂದ್ಯಕ್ಕೆ ಹಣ ಹಾಕಿದವರು ಯಾರು, ಗಾಯಕ್ಕೆ ಔಷಧಿ ಕೊಡಿಸಿದವರು ಇದ್ದರಾ ಇಲ್ಲವಾ, ಇದನ್ನೂ ಎರಡು ಸಾಲು ವಿಚಾರಿಸಿ ಹಾಕಿ. ನಮ್ಮೂರ ಪಂದ್ಯಗಳ ಸುದ್ದಿ ಬರೆಯುವಾಗ ಉದ್ಘಾಟನೆಗೆ ಬಂದ ಗಣ್ಯರ ಹೆಸರು ಅರ್ಧ ಕಾಲಂ ಇರುತ್ತೆ. ಅದರಲ್ಲಿ ನಾಲ್ಕು ಹೆಸರು ಕಡಿಮೆ ಮಾಡಿ, ಆಟಗಾರರಿಗೆ ಊಟ ಇತ್ತಾ, ಡಾಕ್ಟರ್ ಇದ್ದರಾ, ರಾತ್ರಿ ಮನೆಗೆ ಹೋಗಲು ಗಾಡಿ ಇತ್ತಾ ಅಂತ ಬರೆಯಬಹುದು. ಪೇಪರಿನಲ್ಲಿ ಬರುತ್ತೆ ಅಂದರೆ ಸಂಘಟಕರು ಮಾಡುತ್ತಾರೆ. ಹೆಸರಿನ ಆಸೆ ಅವರಿಗೂ ಇರುತ್ತಲ್ಲ.

ಮೊನ್ನೆ ನಮ್ಮೂರ ಕಡೆಯ ಹುಡುಗರು ಪಂದ್ಯಾವಳಿಯ ಚಂದಾ ಪುಸ್ತಕ ಹಿಡಿದು ಶಿವಮೊಗ್ಗದ ಮನೆಗೂ ಬಂದಿದ್ದರು. ಪಂದ್ಯದ ರಾತ್ರಿ ಎಲ್ಲ ತಂಡಗಳಿಗೂ ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಬಿಸಿ ಅನ್ನ ಸಾರಿನ ಖರ್ಚು ನನ್ನದು ಅಂದೆ. ಎರಡೇ ಷರತ್ತು, ರಸೀದಿಯಲ್ಲಿ ‘ಊಟಕ್ಕೆ’ ಅಂತಲೇ ಬರೆಯಬೇಕು, ಡಿಕ್ಕಿ ತೆಗೆಯುವವರನ್ನು ಮೈದಾನದ ಹತ್ತಿರ ಸೇರಿಸಬಾರದು. ಊಟಕ್ಕೆ ಒಪ್ಪಿದರು. ಎರಡನೆಯದನ್ನು ಕಮಿಟಿಯಲ್ಲಿ ಕೇಳಿ ಹೇಳುತ್ತೇವೆ ಅಂದು ಹೋಗಿದ್ದಾರೆ, ಇನ್ನೂ ಫೋನ್ ಬಂದಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಕ್ಲಬ್ ಮಾರ್ಕರ್
ವಿನೋಬನಗರ, ಶಿವಮೊಗ್ಗ